ಅಪ್‌ಡೇಟ್: ಅಲೈನರ್ ಕೊನೆಗೂ ಸರಿಯಾಗಿ ಕೂತಿತು

ಹಲ್ಲು ಸರಿಸಾಲಿಗೆ ತರಲು ಹಾಕುವ ಪ್ಲಾಸ್ಟಿಕ್ ಅಲೈನರ್‌ನ ಹೊಸ ಟ್ರೇ ಕೋರೆಹಲ್ಲಿನ ಹತ್ತಿರ ಎದ್ದು ನಿಲ್ಲುತ್ತಿದೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆನಲ್ವಾ? ಈಗ ಸರಿಯಾಗಿದೆ.

ನಿಜವಾದ ಕಾರಣ ಯಾರೂ ಊಹಿಸಿರಲಿಲ್ಲ. ಆ ಹಲ್ಲಿಗೆ ಅಂಟಿಸಿದ್ದ ಸಣ್ಣ ಉಬ್ಬು, ಅಂದರೆ ಅಟ್ಯಾಚ್‌ಮೆಂಟ್, ಉದುರಿಹೋಗಿತ್ತು! ಹಲ್ಲಿನದೇ ಬಣ್ಣ, ಗೊತ್ತಾಗುವುದಾದರೂ ಹೇಗೆ? ಅದಿಲ್ಲದಿದ್ದರೆ ಟ್ರೇಗೆ ಹಿಡಿತವೇ ಸಿಗುವುದಿಲ್ಲ. ಕುಂಬಳೆಯಿಂದ ಮಂಗಳೂರಿಗೆ ಹೋಗಿ ಮತ್ತೆ ಅಂಟಿಸಿಕೊಂಡು ಬಂದೆ.

ಹಳೆ ಟ್ರೇಗೆ ವಾಪಸ್ ಹೋಗಿ ಎಂದವರ ಮಾತು ಸರಿ, ಡಾಕ್ಟರೂ ಕೆಲವು ದಿನ ಅದನ್ನೇ ಹಾಕಿಸಿದರು. ಆಮೇಲೆ ಹೊಸದನ್ನು ಹಾಕಿ, ಅದು ಸರಿಯಾಗಿ ಕೂರಲಿ ಅಂತ ಚ್ಯೂಯಿ ಎಂಬ ಮೆತ್ತನೆಯ ತುಂಡನ್ನು ಕಚ್ಚಿದೆ. ಆ ಚ್ಯೂಯಿ ಇಲ್ಲಿನ ಮೆಡಿಕಲ್‌ಗಳಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ. ಟ್ರೇಯನ್ನು ಬಿಸಿನೀರಿಗೆ ಹಾಕಿ ಎಂಬ ಸಲಹೆ ಮಾತ್ರ ಬೇಡವೇ ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ದಿನಕ್ಕೆ 20ರಿಂದ 22 ಗಂಟೆ ಹಾಕಿರಬೇಕಂತೆ. ಚಾ ಕುಡಿಯಬೇಕಾದರೆ ಟ್ರೇ ತೆಗೆಯಬೇಕು, ಹಾಗಾಗಿ ನೆಂಟರ ಮನೆಗೆ ಹೋದರೆ ಚಾ ಬೇಡ ಅನ್ನುವುದೇ ದೊಡ್ಡ ಕಷ್ಟ!