32 ಬೈಟ್‌ಗಳ ಅರೇಯಲ್ಲಿ ಕನ್ನಡದ ಊರ ಹೆಸರು: ಸಿ ಭಾಷೆಯಲ್ಲಿ ಸುರಕ್ಷಿತವಾಗಿ ನಕಲಿಸುವುದು ಹೇಗೆ?

ಪ್ರಶ್ನೆ

ಚಿಕ್ಕಬಳ್ಳಾಪುರದಲ್ಲಿ ಓದುತ್ತಿರುವ ನಾವು ಕೆಲವರು ಬಸ್ಸಿನ ಮಾರ್ಗಫಲಕಕ್ಕಾಗಿ ಮೈಕ್ರೋಕಂಟ್ರೋಲರ್ ಮೇಲೆ ಸಿ ಪ್ರೋಗ್ರಾಂ ಬರೆಯುತ್ತಿದ್ದೇವೆ. ಪ್ರತಿ ಊರಿನ ಹೆಸರಿಗೂ 32 ಬೈಟ್‌ಗಳ ಅರೇ ಇಟ್ಟು, ಪಠ್ಯವನ್ನು ಮಿತಿಯೊಳಗೆ ನಕಲಿಸುವ ಸ್ಟ್ರ್‌ಎನ್‌ಕಾಪಿ (strncpy) ಫಂಕ್ಷನ್ನಿಗೆ ಆ 32ನ್ನೇ ಮಿತಿಯಾಗಿ ಕೊಟ್ಟಿದ್ದೇವೆ. ಗುಡಿಬಂಡೆ, ಬಾಗೇಪಲ್ಲಿ ಸರಿಯಾಗಿ ಮೂಡುತ್ತವೆ. ಚಿಕ್ಕಬಳ್ಳಾಪುರ ಮಾತ್ರ ‘ಚಿಕ್ಕಬಳ್ಳಾ’ ಎಂದು ನಿಂತು, ಒಂದು ಖಾಲಿ ಚೌಕದ ನಂತರ ಪಕ್ಕದ ಅರೇಯ ಹೆಸರು ಅದಕ್ಕೆ ಅಂಟಿಕೊಂಡು ಬರುತ್ತದೆ. ಮಿತಿ ಕೊಟ್ಟ ಮೇಲೂ ಹೀಗೇಕೆ?

ಉತ್ತರ 1

ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಯುನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ಸ್ವರಚಿಹ್ನೆಗೂ, ಒತ್ತಕ್ಷರದ ನಡುವಿನ ಹಲಂತಕ್ಕೂ ಅಷ್ಟೇ. ‘ಚಿಕ್ಕಬಳ್ಳಾಪುರ’ದಲ್ಲಿ ಅಂಥ 13 ಸಂಕೇತಗಳಿರುವುದರಿಂದ 39 ಬೈಟ್, ಪಠ್ಯ ಮುಗಿಯಿತೆಂದು ಸೂಚಿಸುವ ಕೊನೆಯ ಶೂನ್ಯ ಬೈಟ್ ಸೇರಿ 40 ಆಗುತ್ತದೆ. ಬಾಗೇಪಲ್ಲಿಗೆ ಶೂನ್ಯ ಸೇರಿ 28 ಸಾಕು. ಮೂಲದ ಉದ್ದ ಮಿತಿಯಷ್ಟೋ ಅದಕ್ಕಿಂತ ಹೆಚ್ಚೋ ಇದ್ದಾಗ ಸ್ಟ್ರ್‌ಎನ್‌ಕಾಪಿ ಕೊನೆಗೆ ಶೂನ್ಯವನ್ನು ಬರೆಯುವುದೇ ಇಲ್ಲ. ಹೀಗಾಗಿ ಓದುವ ಕೋಡ್ ಶೂನ್ಯವನ್ನು ಹುಡುಕುತ್ತಾ ಪಕ್ಕದ ಮೆಮೊರಿಗೆ ದಾಟುತ್ತದೆ. ಆ ಚೌಕವು ‘ಪ’ದ ಮೂರು ಬೈಟ್‌ಗಳಲ್ಲಿ ಉಳಿದ ಎರಡು. ಈ ಫಂಕ್ಷನ್ ಹುಟ್ಟಿದ್ದು ಹಳೆಯ ಯುನಿಕ್ಸ್‌ನ 14 ಬೈಟ್‌ಗಳ ಕಡತದ ಹೆಸರಿನಂಥ ನಿಗದಿತ ಅಗಲದ ಕ್ಷೇತ್ರಗಳಿಗಾಗಿ. ಅದನ್ನು, ಮಿತಿಯಿಲ್ಲದೆ ನಕಲಿಸುವ ಸ್ಟ್ರ್‌ಕಾಪಿಯ (strcpy) ಸುರಕ್ಷಿತ ರೂಪವೆಂದು ಕಲಿಸುವುದು ನಿಲ್ಲಬೇಕು.

ಉತ್ತರ 2

ಸ್ಟ್ರ್‌ಎಲ್‌ಕಾಪಿ (strlcpy) ಫಂಕ್ಷನ್ ನೋಡಿ. 1998ರಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಬಂದ ಇದು, ಲಿನಕ್ಸ್‌ನಲ್ಲಿ ಬಳಸುವ ಗ್ನೂ ಸಿ ಲೈಬ್ರರಿಗೆ ಸೇರಿದ್ದು 2023ರಲ್ಲಿ. ಅರೇಯ ಗಾತ್ರ ಸೊನ್ನೆಯಲ್ಲದಿದ್ದರೆ ಕೊನೆಯ ಶೂನ್ಯವನ್ನು ಖಂಡಿತ ಬರೆಯುತ್ತದೆ. ಆದರೆ ಇದು ಮೂಲದ ಉದ್ದವನ್ನು ಪೂರ್ತಿ ಅಳೆಯುತ್ತದೆಯಾದ್ದರಿಂದ, ಸೀರಿಯಲ್ ಪೋರ್ಟ್‌ನಿಂದ ಬಂದ, ಶೂನ್ಯವಿಲ್ಲದ ದತ್ತಾಂಶಕ್ಕೆ ಬಳಸಬಾರದು. ಅಲ್ಲಿ ಬಂದ ಬೈಟ್‌ಗಳನ್ನು ಎಣಿಸಿ, ಜಾಗವಿದೆಯೆಂದು ಖಚಿತಪಡಿಸಿಕೊಂಡು ಎಣಿಸಿದಷ್ಟೇ ಬೈಟ್‌ಗಳನ್ನು ನಕಲಿಸುವ ಮೆಮ್‌ಕಾಪಿ (memcpy) ಬಳಸಿ, ಶೂನ್ಯವನ್ನು ನೀವೇ ಇಡಿ.

ಪ್ರಶ್ನೆ ಕೇಳಿದವರು

ನಮ್ಮ ಕಂಪೈಲರ್ ಜೊತೆಗಿನ ಲೈಬ್ರರಿಯಲ್ಲಿ ಸ್ಟ್ರ್‌ಎಲ್‌ಕಾಪಿ ಇಲ್ಲ. ಗಾತ್ರದ ಮಿತಿಯೊಳಗೆ ಪಠ್ಯ ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್ (snprintf) ಬಳಸಿ, ಅರ್ಧ ಉಳಿದ ಅಕ್ಷರದ ಬೈಟ್‌ಗಳನ್ನು ಹಿಂದಿನಿಂದ ತೆಗೆದುಹಾಕಿದರೆ ಸಾಕೇ?

ಉತ್ತರ 3

ಮೆಮೊರಿಯ ಮಟ್ಟಿಗೆ ಸಾಕು, ಹೆಸರಿನ ಮಟ್ಟಿಗೆ ಸಾಲದು. ‘ಗೌರಿಬಿದನೂರು’ ಹೆಸರನ್ನು ಪರೀಕ್ಷಿಸಿ: ಅದಕ್ಕೆ 33 ಬೈಟ್. ಎಸ್‌ಎನ್‌ಪ್ರಿಂಟ್‌ಎಫ್ 31 ಬೈಟ್ ಇಟ್ಟು ಶೂನ್ಯ ಬರೆಯುತ್ತದೆ. ಒಡೆದ ಒಂದು ಬೈಟನ್ನು ನೀವು ತೆಗೆದರೆ ಉಳಿಯುವುದು ‘ಗೌರಿಬಿದನೂರ’. ಚೌಕವಿಲ್ಲ, ಕಸವಿಲ್ಲ, ಆದರೆ ಹೆಸರು ತಪ್ಪು, ಮತ್ತು ಪರೀಕ್ಷೆ ಮಾಡುವವರ ಕಣ್ಣಿಗೂ ಅದು ಸುಲಭವಾಗಿ ಬೀಳುವುದಿಲ್ಲ. ಆದ್ದರಿಂದ ಆ ಫಂಕ್ಷನ್ ಹಿಂತಿರುಗಿಸುವ ಸಂಖ್ಯೆಯನ್ನು (ಶೂನ್ಯ ಬಿಟ್ಟು ಪೂರ್ತಿ ಹೆಸರಿಗೆ ಬೇಕಾದ ಬೈಟ್‌ಗಳ ಲೆಕ್ಕ) ಪ್ರತಿ ಬಾರಿಯೂ ನೋಡಿ: ಅದು ಋಣಸಂಖ್ಯೆಯಾಗಿದ್ದರೆ ದೋಷ, ಅರೇಯ ಗಾತ್ರದಷ್ಟೋ ಹೆಚ್ಚೋ ಇದ್ದರೆ ಹೆಸರು ಹಿಡಿಸಿಲ್ಲ. ಎರಡೂ ಸಂದರ್ಭದಲ್ಲಿ ಆ ಹೆಸರನ್ನು ಫಲಕಕ್ಕೆ ಕಳಿಸದೆ ದೋಷವೆಂದು ದಾಖಲಿಸಿ, ಅರೇಯನ್ನು 64 ಬೈಟ್‌ಗೆ ಹಿಗ್ಗಿಸಿ.