ಸಣ್ಣ ಕಾಡು ಇಟ್ಟುಕೊಂಡವರ ಪ್ರಶ್ನೋತ್ತರ: ಗಾಯ, ಪೊಟರೆ, ವಾಲಿದ ಮರ

ಗುಂಪಿನ ಸೂಚನೆ: ಒಂದೆರಡು ಎಕರೆ ಸ್ವಂತ ಕಾಡು ನೋಡಿಕೊಳ್ಳುವವರು ಪ್ರಶ್ನೆ ಕೇಳಬಹುದು. ಮರಗಳ ಆರೋಗ್ಯ ನೋಡುವ ಮೇಡಂ ಉತ್ತರಿಸುತ್ತಾರೆ.

ಹೊಸಚಿಗುರು: ನಮಸ್ಕಾರ ಮೇಡಂ. ಕೊಂಬೆ ಸವರಿದ ಮೇಲೆ ಗಾಯಕ್ಕೆ ಏನು ಹಚ್ಚಬೇಕು? ಡಾಂಬರಾ, ಬಣ್ಣಾನಾ?

ಮೇಡಂ: ನಮಸ್ಕಾರ. ಏನೂ ಹಚ್ಚಬೇಡಿ. ಮರದ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಮರವೇ ಒಳಗಿಂದ ಗೋಡೆ ಕಟ್ಟಿಕೊಳ್ಳುತ್ತದೆ, ಹೊರಗಿನಿಂದ ಹೊಸದಾಗಿ ಬೆಳೆದು ಮುಚ್ಚುತ್ತದೆ. ಅಮೆರಿಕದ ಮರರೋಗ ತಜ್ಞ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1970ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟರು. ಬಣ್ಣದಿಂದ ಕೊಳೆಯುವುದು ನಿಲ್ಲುವುದಿಲ್ಲ. ಎಲ್ಲಿ ಕೊಯ್ಯುತ್ತೀರಿ ಅನ್ನುವುದೇ ಮುಖ್ಯ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಉಂಗುರ ಇರುತ್ತದಲ್ವಾ, ಅದನ್ನು ಮುಟ್ಟದೆ ಅದರ ಹೊರಗೆ ಕೊಯ್ಯಿರಿ. ದಪ್ಪ ಕೊಂಬೆಯಾದರೆ ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಒಂದು ಕಚ್ಚು ಹಾಕಿ. ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಕೊಯ್ಯಿರಿ. ಉಳಿದ ಮೋಟನ್ನು ಕೊನೆಗೆ ತೆಗೆಯಿರಿ. ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ.

ತರಗೆಲೆ: ಗೆದ್ದಲು ತೊಗಟೆ ಮೇಲೆಲ್ಲಾ ಮಣ್ಣು ಮೆತ್ತಿದೆ. ಮರ ಸಾಯುತ್ತಾ?

ಮೇಡಂ: ಸಾಮಾನ್ಯವಾಗಿ ಇಲ್ಲ. ಅದು ತಿನ್ನುವುದು ಹೆಚ್ಚಾಗಿ ಹೊರಗಿನ ಒಣ ತೊಗಟೆಯನ್ನು. ಮಣ್ಣು ಕೆರೆದು ನೋಡಿ, ಅಡಿಯಲ್ಲಿ ತೊಗಟೆ ಹಸಿಯಾಗಿದ್ದರೆ ಬಿಟ್ಟುಬಿಡಿ.

ಹಳೇಬೇಲಿ: ಮೇಡಂ, ನಮ್ಮ ಕಾಡಿನ ಅಂಚಲ್ಲಿ ಹಳೇ ಮರ ಒಂದಿದೆ. ಇಬ್ಬರು ತಬ್ಬಿದರೂ ಕೈ ಸೇರಲ್ಲ. ಬುಡದಲ್ಲಿ ಪೊಟರೆ. ಈಚೆಗೆ ಕಾಲುದಾರಿ ಕಡೆ ಜಾಸ್ತಿ ವಾಲಿದೆ ಅನ್ನಿಸುತ್ತಿದೆ. ಮಕ್ಕಳು ಅದೇ ದಾರೀಲಿ ಓಡಾಡ್ತಾರೆ. ಪೊಟರೆಗೆ ಸಿಮೆಂಟು ತುಂಬಿದರೆ ಮರಕ್ಕೆ ಬಲ ಬರುತ್ತೆ ಅಂತ ಒಂದು ಫಾರ್ವರ್ಡ್ ಬಂದಿದೆ. ತುಂಬಿಸಲಾ?

ಮೇಡಂ: ತುಂಬಬೇಡಿ. ಮೊದಲು ನನಗೆ ಇಷ್ಟು ಹೇಳಿ. ವಾಲಿದ ದಿಕ್ಕಿನ ಎದುರು ಬದಿಯಲ್ಲಿ ನೆಲ ಉಬ್ಬಿದೆಯಾ, ಬಿರುಕು ಇದೆಯಾ? ಬುಡದಲ್ಲಿ ಅಣಬೆ? ಹತ್ತಿರದಲ್ಲಿ ಯಾರಾದರೂ ನೆಲ ಅಗೆದಿದ್ದಾರಾ?

ಮಣ್ಣುವಾಸನೆ: ನಮ್ಮ ತಾತ ಸಿಮೆಂಟು ತುಂಬಿಸಿದ ಮರ ಇವತ್ತಿಗೂ ನಿಂತಿದೆ. ಸುಮ್ನೆ ಹೆದರಿಸಬೇಡಿ.

ಮೇಡಂ: ಅದು ನಿಂತಿರುವುದು ಸಿಮೆಂಟಿನಿಂದಲ್ಲ. ಗಾಳಿಗೆ ಮರ ತೂಗಾಡುತ್ತದೆ, ಸಿಮೆಂಟು ತೂಗಾಡುವುದಿಲ್ಲ. ಎರಡೂ ಉಜ್ಜಿ ಸಂದಿಯಾಗುತ್ತದೆ, ಸಂದಿಯಲ್ಲಿ ನೀರು ನಿಲ್ಲುತ್ತದೆ. ತುಂಬುವ ಮುಂಚೆ ಪೊಟರೆ ಕೆರೆದು ಚೊಕ್ಕಟ ಮಾಡುತ್ತಾರಲ್ಲ, ಆಗ ಮರ ಕಟ್ಟಿಕೊಂಡಿದ್ದ ಗೋಡೆಯೇ ಒಡೆಯುತ್ತದೆ. ಆ ಫಾರ್ವರ್ಡನ್ನು ದಯವಿಟ್ಟು ಇಲ್ಲಿ ಮತ್ತೆ ಹಾಕಬೇಡಿ.

ಕಾಡುಮನೆ: ನನ್ನ ಕಾಡಿನ ನಡುವೆ ಖಾಲಿ ಜಾಗ ಇದೆ. ಮಿಯಾವಾಕಿ, ಅದೇ ಸಸಿ ಒತ್ತೊತ್ತಾಗಿ ನೆಟ್ಟು ಬೇಗ ಕಾಡು ಬೆಳೆಸೋ ವಿಧಾನ, ಮಾಡಿಸೋಣ ಅಂತಿದ್ದೀನಿ.

ನೆರಳು: ಯಾಕ್ರೀ? ಸುತ್ತ ಕಾಡಿದ್ದರೆ ಬೀಜ ತಾನಾಗಿ ಬೀಳುತ್ತೆ. ದನ ಬರದ ಹಾಗೆ ಬೇಲಿ ಹಾಕಿ, ಸಾಕು.

ಕಾಡುಮನೆ: ತಾನಾಗಿ ಬರೋದು ಬರೀ ಲಂಟಾನ ಕಳೆ. ನೀವು ಬಂದು ಕೀಳ್ತೀರಾ?

ನೆರಳು: ಚದರ ಮೀಟರಿಗೆ ಮೂರು ಸಸಿ ತುರುಕಿದರೆ ಅದನ್ನ ಕಾಡು ಅಂತಾರಾ?

ಕಾಡುಮನೆ: ಒಂದು ಸಸಿನೂ ನೆಡದವರ ಪಾಠ ಬೇಡ.

ಮೇಡಂ: ಇಬ್ಬರೂ ನಿಲ್ಲಿಸಿ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಅವರ ವಿಧಾನ ಹುಟ್ಟಿದ್ದು ಕಾಡು ಪೂರ್ತಿ ಅಳಿದ ನೆಲಕ್ಕೆ. ಕಾಡುಮನೆಯವರೇ, ಲಂಟಾನವನ್ನು ಹೂ ಬಿಡುವ ಮುಂಚೆ ಬೇರು ಸಮೇತ ಕಿತ್ತು ಒಂದು ಮಳೆಗಾಲ ಕಾದು ನೋಡಿ. ಯಾವ ಸಸಿ ಏಳುತ್ತದೆ ಎಣಿಸಿ. ಕಡಿಮೆಯಾದರೆ ಮಾತ್ರ ನೆಡಿ.

ಹಳೇಬೇಲಿ: ನೋಡಿ ಬಂದೆ. ಎದುರು ಬದಿಯಲ್ಲಿ ಬಿರುಕಿದೆ, ಬೆರಳು ಹೋಗುತ್ತೆ. ಹೋದ ವರ್ಷ ಅಲ್ಲೇ, ಕಾಂಡದಿಂದ ಮೂರಡಿ ದೂರದಲ್ಲಿ, ಪೈಪಿಗೆ ಎರಡಡಿ ಆಳ ಅಗೆಸಿದ್ವಿ. ಬುಡದಲ್ಲಿ ತಟ್ಟೆಯಂಥ ಗಟ್ಟಿ ಅಣಬೆ ಮೂರಿವೆ. ಮೇಲೆ ಕಂದು, ಕೆಳಗೆ ಬಿಳಿ.

ಮೇಡಂ: ಇದನ್ನು ಓದಿ ನನಗೆ ಭಯ ಆಯಿತು. ಪೊಟರೆ ನನ್ನ ದೊಡ್ಡ ಚಿಂತೆಯಲ್ಲ. ಟೊಳ್ಳಾದ ಮರ ಕೊಳವೆಯ ಹಾಗೆ ಎಷ್ಟೋ ವರ್ಷ ನಿಲ್ಲುತ್ತದೆ. ಸುತ್ತಲಿನ ಗಟ್ಟಿ ಭಾಗ ಕಾಂಡದ ತ್ರಿಜ್ಯದ ಮೂರನೇ ಒಂದರಷ್ಟಾದರೂ ಇರಬೇಕು ಅಂತ ನಾವು ಒಂದು ಅಂದಾಜು ಇಟ್ಟುಕೊಳ್ಳುತ್ತೇವೆ. ಆದರೆ ಆ ಲೆಕ್ಕ ಕಾಂಡಕ್ಕೆ, ಬೇರಿಗಲ್ಲ.

ವಾಲಿದ ಮರವನ್ನು ಹಿಂದಿನಿಂದ ಹಗ್ಗದ ಹಾಗೆ ಎಳೆದು ಹಿಡಿಯುವುದು ಎದುರು ಬದಿಯ ಬೇರುಗಳು. ನೀವು ಅಗೆಸಿದ್ದು ಸರಿಯಾಗಿ ಅಲ್ಲೇ. ಹೆಚ್ಚಿನ ಬೇರು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲೇ ಹರಡಿರುತ್ತದೆ. ಎರಡಡಿ ಅಂದರೆ ಅಷ್ಟೇ ಆಳ. ಆ ಬದಿಯಲ್ಲಿ ಉಳಿದಿರುವುದು ಕಡಿಮೆ. ಅಣಬೆ ಗ್ಯಾನೊಡರ್ಮಾ ಇರಬಹುದು. ಅದು ಬೇರು, ಬುಡ ಕೊಳೆಸುವ ಜಾತಿ. ಎಲೆ ಹಸಿರಾಗಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಇಂಥ ಮರ ಎಲೆ ತುಂಬಿಕೊಂಡೇ ಉರುಳುತ್ತದೆ. ಮಳೆ ಬಿದ್ದು ಮಣ್ಣು ನೆನೆದರೆ ಗಾಳಿಯೂ ಬೇಕಾಗಿಲ್ಲ.

ಇವತ್ತೇ ದಾರಿ ಮುಚ್ಚಿ. ಮರದ ಎತ್ತರದ ಒಂದೂವರೆ ಪಟ್ಟು ದೂರಕ್ಕೆ ಸುತ್ತ ಹಗ್ಗ ಕಟ್ಟಿ. ಬಿರುಕಿನ ಎರಡೂ ಕಡೆ ಗೂಟ ಹೊಡೆಯುವುದು, ಅಳೆಯುವುದು ಏನೂ ಬೇಡ, ಹತ್ತಿರ ಹೋಗಬೇಡಿ. ಯಾರನ್ನೂ ಮೇಲೆ ಹತ್ತಿಸಬೇಡಿ. ಗರಗಸ ಇಟ್ಟುಕೊಂಡ ಪರಿಚಯದವರನ್ನು ಕರೆಯಬೇಡಿ. ವಾಲಿದ ಮರವನ್ನು ಅರ್ಧ ಕೊಯ್ಯುವಷ್ಟರಲ್ಲಿ ಕಾಂಡ ಉದ್ದಕ್ಕೆ ಸೀಳಿ ಹಿಂದಕ್ಕೆ ಒದೆಯುತ್ತದೆ, ಕೊಯ್ಯುವವರ ಎದೆಗೇ ಬರುತ್ತದೆ. ಕ್ರೇನು ಅಥವಾ ಬುಟ್ಟಿ ಲಿಫ್ಟ್ ಇರುವ ಅನುಭವಿ ತಂಡವೇ ಬೇಕು.

ಮಣ್ಣುವಾಸನೆ: ಹಗ್ಗ ಹಾಕಿ ಪಕ್ಕದ ಮರಕ್ಕೆ ಬಿಗಿದರೆ ಆಯ್ತಪ್ಪ. ಅಷ್ಟು ಹಳೇ ಮರ ಕಡಿಸ್ತೀರಾ?

ನೆರಳು: ಮಕ್ಕಳ ತಲೆ ಮೇಲೆ ಬಿದ್ದರೆ ನೀವು ಬರ್ತೀರಾ?

ಮಣ್ಣುವಾಸನೆ: ನಿಮ್ಮನ್ನ ಯಾರು ಕೇಳಿದ್ರು?

ಮೇಡಂ: ಪಕ್ಕದ ಮರಕ್ಕೆ ಕಟ್ಟಿದರೆ ಎರಡೂ ಬೀಳಬಹುದು. ಇಂಥ ಮರ ಕಡಿಯಲು ಹೇಳುವುದು ನನಗೂ ಸಂಕಟ. ಮೇಲಿನ ಭಾರ ಇಳಿಸಿ, ಆಳೆತ್ತರದ ಬೊಡ್ಡೆ ಉಳಿಸಲು ಆಗುತ್ತದಾ ಅಂತ ತಂಡದವರನ್ನು ಕೇಳಿ. ಪೊಟರೆಯ ಹಕ್ಕಿ, ಜೇನಿಗೆ ಅದೂ ಮನೆಯೇ.

ಒಣಕಟ್ಟಿಗೆ: ತರಗೆಲೆ ಸುಟ್ಟರೆ ಬೂದಿ ಗೊಬ್ಬರ ಆಗುತ್ತೆ ಅಂತ ಫಾರ್ವರ್ಡ್ ಇದೆ. ನಿಜಾನಾ?

ಮೇಡಂ: ಸುಡಬೇಡಿ. ಸಾರಜನಕ ಹೊಗೆಯಲ್ಲಿ ಹೋಗುತ್ತದೆ, ಬುಡದ ತೊಗಟೆ ಬೇಯುತ್ತದೆ.

ಬೆಟ್ಟದಹೂ: ಗಾಯಕ್ಕೆ ಏನು ಹಚ್ಚಬೇಕು ಮೇಡಂ?

ಮೇಡಂ: ಮೊದಲ ಉತ್ತರ ಓದಿ.

ತರಗೆಲೆ: ಬಂದಳಿಕೆ ಹತ್ತಿದೆ. ತಾಮ್ರದ ಮೊಳೆ ಹೊಡೆದರೆ ಸಾಯುತ್ತಂತೆ?

ಮೇಡಂ: ಮೊಳೆ ಬೇಡ. ಬಂದಳಿಕೆ ಅಂಟಿದ ಜಾಗಕ್ಕಿಂತ ಒಂದಡಿ ಕೆಳಗೆ, ಕಾಂಡದ ಕಡೆಗೆ, ಕೊಂಬೆ ಕೊಯ್ಯಿರಿ.

ಕಾಡುಮನೆ: ಎಷ್ಟು ಅಂತರಕ್ಕೆ ಮರ ಬಿಡಬೇಕು ಮೇಡಂ? ತುಂಬಾ ಒತ್ತಾಗಿವೆ.

ಹೊಸಚಿಗುರು: ಡಾಂಬರು ಬೇಡ ಸರಿ, ಸುಣ್ಣ ಹಚ್ಚಬಹುದಾ?

ಮೇಡಂ: ಏನೂ ಅಂದರೆ ಏನೂ ಬೇಡ. ಹಳೇಬೇಲಿಯವರೇ, ಹಗ್ಗ ಕಟ್ಟಿದಿರಾ?

ಹಳೇಬೇಲಿ: ಕಟ್ಟಿದೆ ಮೇಡಂ. ಎರಡೂ ಕಡೆ ದಾರಿಗೆ ಅಡ್ಡ ಬಿದಿರು ಹಾಕಿದ್ದೀವಿ. ಲಿಫ್ಟ್ ಇರುವವರು ನಾಡಿದ್ದು ಬರ್ತಾರಂತೆ. ಇಲ್ಲಿ ಈಗ ಮೋಡ ಕಟ್ಟಿದೆ.

ಮೇಡಂ: ಮತ್ತೆ ಫೋನ್ ಮಾಡಿ. ಬಿರುಕಿನ ವಿಷಯ ತಿಳಿಸಿ ನಾಳೆ ಬೆಳಿಗ್ಗೆಯೇ ಬರಲು ಹೇಳಿ. ಅಲ್ಲಿಯವರೆಗೆ ಬಿದಿರಿನ ಹತ್ತಿರ ದೊಡ್ಡವರು ಒಬ್ಬರು ಇರಲಿ.