ಡಿಕ್ಕ್ಯಾಗ ಸಿಎನ್‌ಜಿ ಸಿಲಿಂಡರ್ ಇದ್ರ ಕಾರು ಮೆತ್ತಗ ಓಡತೈತೋ, ತೊಟ್ಟಿಲಾಗತೈತೋ?

ಗಿರ್ಮಿಟ್_ಗಿರಾಕಿ: ಖಾಲಿ ಬೊಲೆರೊ ಗುದ್ದತೈತಿ, ಏಳು ಮಂದಿ ಹತ್ತಿದ್ರ ತಣ್ಣಗ ಹೋಗತೈತಿ. ಎಲ್ಲಾರೂ ನೋಡಿದ್ದ. ಹಂಗಾಗಿ ಸಣ್ಣ ಕಾರಿಗೆ ಸಿಲಿಂಡರ್ ಹಾಕಿಸಿದ್ರ ಹಿಂದಿನ ಸೀಟಿಗೆ ಛಲೋನ.

ಪಾಟಾ_ಪಂಡಿತ: "ಎಲ್ಲಾರೂ ನೋಡಿದ್ದ" ಅಂದ್ರ ಲೆಕ್ಕ ಮುಗೀತೇನ್ರಿ? ಭಾರ ಎಷ್ಟೈತಿ ಅನ್ನೋದಕ್ಕಿಂತ ಎಲ್ಲೈತಿ ನೋಡ್ರಿ. ವೀಲ್‌ಬೇಸ್, ಅಂದ್ರ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ ಇರೋ ದೂರ, 2.4 ಮೀಟರ್ ಹಿಡೀರಿ. ಹಿಂದಿನ ಆಕ್ಸಲ್ ದಾಟಿ 60 ಸೆಂ.ಮೀ. ಆಚೆ 60 ಕೆಜಿ ಇಟ್ರ ಹಿಂದಿನ ಗಾಲಿ ಮ್ಯಾಲೆ 75 ಕೆಜಿ ಬೀಳತೈತಿ, ಮುಂದಿನವು 15 ಕೆಜಿ ಹಗುರ ಆಗತಾವು. 40ರ ಸ್ಪೀಡಿನ್ಯಾಗ ಹಂಪ್ಸ್ ಹಿಂದಿನ ಗಾಲಿಗೆ 0.22 ಸೆಕೆಂಡ್ ತಡ ಮಾಡಿ ಸಿಗತೈತಿ. ಅದಕ್ಕ ಹಿಂದಿನ ಸ್ಪ್ರಿಂಗ್ ಜರಾ ಚುರುಕು ಇಟ್ಟಿರತಾರ, ಬೇಗ ಜೀಕಿ ಮುಂದಿನದನ್ನ ಕೂಡಿಕೊಳ್ಳಲಿ ಅಂತ. 1930ರ ದಶಕದಾಗ ಜನರಲ್ ಮೋಟರ್ಸ್‌ನ ಎಂಜಿನಿಯರ್ ಮಾರಿಸ್ ಆಲಿ ಭಾರ ಸರಿಸಿ ಸರಿಸಿ ಇದನ್ನ ತೋರಿಸಿದ. ಸಿಲಿಂಡರ್ ಆ ಚುರುಕು ತಿಂತೈತಿ.

ಗಿರ್ಮಿಟ್_ಗಿರಾಕಿ: "ಭಾರ ಸರಿಸಿ" ಅಂದ್ರಲ್ಲ, ಅದೇ ಆಲಿ ತುದಿಗೆ ಭಾರ ಇಟ್ಟಾಗ ಜೀಕೋದು ನಿಧಾನ ಆಗಿ ಹಿತ ಅನ್ನಿಸ್ತು ಅಂದಾನಲ್ಲ? ಅದನ್ಯಾಕ ನುಂಗಿದ್ರಿ?

ಪಾಟಾ_ಪಂಡಿತ: ಎರಡೂ ತುದಿಗೆ ರೀ! ಒಂದ ತುದಿಗೆ ಅಲ್ಲ.

ಸಾಧನಕೇರಿ_ಸವಾರ: ಚುರುಕು ಬೇಕಂದ್ರ ಕಾಯಿಲ್ ಸ್ಪ್ರಿಂಗಿನ ಸುತ್ತಿನ ನಡುವ ರಬ್ಬರ್ ಬಫರ್ ಹಾಕಿಸ್ರಿ. ಕಾರಿನ ಬೆನ್ನೂ ಏಳ್ತದ, ರಬ್ಬರ್ ಇರೋದ್ರಿಂದ ಹೊಡತಾನೂ ಮೆತ್ತಗ ಆಗ್ತದ.

ಬ್ಯಾಡಗಿ_ಖಾರ: "ರಬ್ಬರ್ ಇರೋದ್ರಿಂದ ಮೆತ್ತಗ"! ಶೇಂಗಾ ಹೋಳಿಗಿ ಅಲ್ರಿ ಅದು. ಬಫರ್ ಒಂದು ಸುತ್ತನ್ನ ಕಟ್ಟಿ ಹಾಕತೈತಿ. ಕೆಲಸ ಮಾಡೋ ಆರು ಸುತ್ತಿನ್ಯಾಗ ಐದು ಉಳಿದ್ರ ಸ್ಪ್ರಿಂಗ್ 20% ಬಿಗಿ.

ಸಾಧನಕೇರಿ_ಸವಾರ: ಆ 20% ರಬ್ಬರ್ ಕಲ್ಲಾಗಿದ್ರ ಮಾತ್ರ. ಅದೂ ಕುಗ್ಗತದ. ಬಿಗಿ ಆಗ್ಲಿ ಅಂತನ ಹಾಕೋದು.

ಬ್ಯಾಡಗಿ_ಖಾರ: ಈಗ "ಬಿಗಿ ಆಗ್ಲಿ ಅಂತನ"! ಮೊದಲು ಮೆತ್ತಗ ಅಂದವರು ಯಾರು? ಸ್ಪ್ರಿಂಗ್ ಬಿಗಿ, ಶಾಕಪ್ ಮಾತ್ರ ಹಳೇದ. ಹಂಪ್ಸ್ ದಾಟಿದ ಮ್ಯಾಲೆ ಬೆನ್ನು ಎರಡು ಮೂರು ಸಲ ಕುಣೀತೈತಿ. ಬಫರ್ ಸಂದಿನ್ಯಾಗ ಕೆಸರು ಕುಂತು ಸ್ಪ್ರಿಂಗಿನ ಬಣ್ಣ ತಿಂತೈತಿ, ತುಕ್ಕು ಹಿಡಿದು ಅಲ್ಲೇ ಮುರೀತೈತಿ.

ಸಾಧನಕೇರಿ_ಸವಾರ: ತುಕ್ಕಂತ! ವರ್ಷಕ್ಕೊಮ್ಮೆ ತಗದು ತೊಳೀರಿ.

ಪಾಟಾ_ಪಂಡಿತ: ಬಫರ್ ಬಿಡ್ರಿ ಮಾರಾಯ್ರ. ಭಾರಕ್ಕ ತಕ್ಕ ಕಾಯಿಲ್, ಕಾಯಿಲಿಗೆ ತಕ್ಕ ಶಾಕಪ್, ಎರಡೂ ಜೋಡಿ ಬದಲಿಸಬೇಕು.

ಗಿರ್ಮಿಟ್_ಗಿರಾಕಿ: ಬೊಲೆರೊಕ್ಕ ಯಾರೂ ಉತ್ತರ ಕೊಡಲಿಲ್ಲ. ಒಪ್ಪಿದಂಗ ಆತು.

ರೋಣದ_ಎರಿ: ಆ "ಏಳು ಮಂದಿ"ಯೊಳಗ ಹಿಂದಿನ ಅಡ್ಡ ಸೀಟಿನ್ಯಾಗ ಕುಂತ ಇಬ್ಬರನ್ನ ಕೇಳ್ರಿ, ತಣ್ಣಗ ಇತ್ತೋ ಏನು ಅಂತ. ಬಾಡಿ ಜೀಕೋವಾಗ ನಡುವಿನವರಿಗಿಂತ ಆಕ್ಸಲ್ ಹಿಂದಿನವರು ಹೆಚ್ಚು ಏರಿಳೀತಾರ. ಬೊಲೆರೊದ ಹಿಂದಿನ ಪಾಟಾ, ಅಂದ್ರ ಲೀಫ್ ಸ್ಪ್ರಿಂಗ್, ಭಾರಕ್ಕ 11 ಸೆಂ.ಮೀ. ಕುಗ್ಗಿದ್ರ ಸೆಕೆಂಡಿಗೆ ಒಂದೂವರೆ ಸಲ ಜೀಕತೈತಿ, 25 ಸೆಂ.ಮೀ. ಕುಗ್ಗಿದ್ರ ಒಂದ ಸಲ. ಭಾರ ಹೊರಾಕಂತನ ಮಾಡಿದ ಪಾಟಾ ಅದು. ಸಣ್ಣ ಕಾರಿನ ಕಾಯಿಲ್ ಅಷ್ಟು ಕುಗ್ಗಿದ್ರ ಕೊನಿಗೆ ತಡಿಯೋ ಬಂಪ್ ಸ್ಟಾಪಿನ ರಬ್ಬರಿಗೆ ಬಡೀತೈತಿ. ಎರಿ ನೆಲದ ರಸ್ತಿ ಮಳಿಗೆ ಉಬ್ಬಿ, ಬ್ಯಾಸಗಿಗೆ ಬಿರಿದು ಅಲಿಅಲಿ ಆಗಿರತೈತಿ. ಅಲ್ಲಿ ಗೊತ್ತಾಗತೈತಿ.

ಬ್ಯಾಡಗಿ_ಖಾರ: ಅದಿರ್ಲಿ. "ವರ್ಷಕ್ಕೊಮ್ಮೆ ತಗದು" ಅಂದವರು ಸ್ಪ್ರಿಂಗ್ ಅದುಮಿ ಹಿಡಿಯೋ ಕಂಪ್ರೆಸರ್ ಮನ್ಯಾಗ ಇಟ್ಕೊಂಡಾರೇನು?

ಸಾಧನಕೇರಿ_ಸವಾರ: ಬಫರ್ ತಗ್ಯಾಕ ಕಂಪ್ರೆಸರ್ ಅಂತ! ಕಾರಿನ ಬಾಡಿ ಕೆಳಗ ಜ್ಯಾಕ್ ಹಚ್ಚಿ ಗಾಲಿ ಜೋತುಬಿಡ್ರಿ, ಕಾಯಿಲ್ ಬಿಚ್ಚಿಕೋತದ. ಸಾಬೂನು ನೀರು ಹಚ್ಚಿ ಎಳೀರಿ. ಸ್ಟ್ಯಾಂಡ್ ಇಡೋದು ಮರೀಬ್ಯಾಡ್ರಿ, ಆಮ್ಯಾಲೆ ಅದಕ್ಕೂ ನನ್ನನ್ನ ಬೈತೀರಿ.